ನಾಲ್ಕು ಬೆರಳಿನ ಸಂದು

ದಾಕ್ಷಾಯಣಕ್ಕನ ಮದುವೆ ಗೊತ್ತಾದ ಸುದ್ದಿ ಬಂದಾಗ ನಾನು ಅಂಗಳದಲ್ಲಿ ಮೊಣಕಾಲೂರಿ, ಕಾರಿನ ಅಡಿಗೆ ಕೈ ತೂರಿಸಿ ಸಂದು ಅಳೆಯುತ್ತಿದ್ದೆ. ಆ ಕೆಲಸಕ್ಕೆ ನನಗೆ ಹೊತ್ತುಗೊತ್ತು ಇರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದು ಅಳೆಯುತ್ತಿದ್ದೆ, ಊಟದ ನಡುವೆ ಎದ್ದು ಬಂದು ಅಳೆಯುತ್ತಿದ್ದೆ. ನಿಂತ ಕಾರು ತಾನಾಗಿ ಎತ್ತರವಾಗುವುದಿಲ್ಲ ಎಂದು ಗೊತ್ತಿದ್ದರೂ ಮನಸ್ಸು ಕೇಳುತ್ತಿರಲಿಲ್ಲ. ಕೈಯನ್ನು ಅಡ್ಡ ಹಿಡಿದರೆ ನಾಲ್ಕು ಬೆರಳು ಬಿಗಿಯಾಗಿ ಹೋಗಬೇಕು, ಹೆಬ್ಬೆರಳಿಗೆ ಜಾಗ ಇರಬಾರದು. ನಮ್ಮೂರಿನಲ್ಲಿ ಅದಕ್ಕಿಂತ ಎತ್ತರ ನಿಂತ ಗಾಡಿಯನ್ನು ಅಡಿಗಾಳಿ, ನೆಲಕ್ಕಂಟಿ ಬಂದು ಅಡಿಗೆ ನುಗ್ಗಿ ಮೇಲೆತ್ತುವ ಗಾಳಿ, ಬಿಡುವುದಿಲ್ಲ.

ನಮ್ಮಲ್ಲಿ ಮಂಚಕ್ಕೆ ಕಾಲಿಲ್ಲ, ಅಂಗಡಿಯ ಮೇಜುಗಳಿಗೆ ನಾಲ್ಕೂ ಕಡೆ ನೆಲದವರೆಗೆ ಹಲಗೆ ಹೊಡೆದಿರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ದನಕರು, ಮೇಕೆ, ನಾಯಿ ಎಲ್ಲ ತಾವಾಗಿಯೇ ಹೊಟ್ಟೆ ನೆಲಕ್ಕೆ ತಾಗಿಸಿ ಮಲಗಿಬಿಟ್ಟವೆಂದರೆ, ಅಡಿಗಾಳಿ ಬಂತೆಂದು ಹೆಂಗಸರು ಬಯಲಿನಲ್ಲಿ ಒಣಹಾಕಿದ ಮೊರಗಳನ್ನು ಓಡಿಹೋಗಿ ಬೋರಲು ಹಾಕುತ್ತಾರೆ. ಬೇರೆ ಊರುಗಳಲ್ಲಿ ಬೀದಿಗೊಂದು ಬಟ್ಟೆ ಅಂಗಡಿ ಇರುವ ಹಾಗೆ ನಮ್ಮಲ್ಲಿ ಬೀದಿಗೊಂದು ಸ್ಪ್ರಿಂಗ್ ಅಂಗಡಿ. ಹೊಸ ಕಾರು ಯಾರೇ ತರಲಿ, ಅದರ ಉದ್ದನೆಯ ಸ್ಪ್ರಿಂಗು ಬಿಚ್ಚಿ ಗಿಡ್ಡನೆಯದು ಹಾಕಿಸಿದ ಮೇಲೆಯೇ ಪೂಜೆ. ಊರೊಳಗೆ ಮನೆಗಳ ಗೋಡೆ ಅಡ್ಡ ಇರುವುದರಿಂದ ಗಾಳಿಯ ಆಟ ಅಷ್ಟಿಲ್ಲ. ಊರಿನ ಹೊರಗಿನ ಬಯಲಿನಲ್ಲಿ ಮಾತ್ರ ಅದನ್ನು ಕೇಳುವವರಿಲ್ಲ.

ಆ ಬಯಲಿನಲ್ಲೇ ನನ್ನ ಗಂಡ ಓಂಕಾರ ಅವರ ಬೆನ್ನು ಮುರಿದದ್ದು. ಅವರು ಗಿರಣಿ ಕೊಟ್ರೇಶಿಯ ಹಿಟ್ಟಿನ ಮೂಟೆಗಳನ್ನು ಬಯಲಿನಾಚೆಯ ಊರಿಗೆ ವ್ಯಾನಿನಲ್ಲಿ ಸಾಗಿಸುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ದಿನ ಮೂಟೆ ಇಳಿಸಿ ಖಾಲಿ ವ್ಯಾನಿನಲ್ಲಿ ವಾಪಸು ಬರುವಾಗ ಅಡಿಗಾಳಿ ವ್ಯಾನನ್ನು ಹುಣಸೆಮರದ ಎತ್ತರಕ್ಕೆ ಎತ್ತಿ, ಹಾಗೆಯೇ ನಾಲ್ಕು ಚಕ್ರದ ಮೇಲೆ ಕೆಳಗೆ ಕೈಬಿಟ್ಟಿತು. ವ್ಯಾನಿಗೆ ಏನೂ ಆಗಿರಲಿಲ್ಲ. ಇವರ ಬೆನ್ನಿಗೆ ಕಂಬಿ ಹಾಕಿದರು. ಕೋಲು ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಾರೆ, ದಿಂಬು ಕೊಟ್ಟರೆ ಕೂರುತ್ತಾರೆ. ಆದರೆ ಸ್ವಲ್ಪ ಕುಲುಕಿದರೂ ಮುಖ ಬೂದಿಯಾಗುತ್ತದೆ. ಅಂದಿನಿಂದ ಮನೆ ಬಿಟ್ಟು ಹೊರಟಿರಲಿಲ್ಲ. ಹಾಸಿಗೆಯ ಪಕ್ಕದ ಗೋಡೆಯ ಮೇಲೆ ಸದಾ ಬೆರಳಿನಿಂದ ತಟ್ಟುತ್ತಿರುತ್ತಿದ್ದರು, ಗೇರು ಹಾಕಲು ಕಾದು ನಿಂತ ಡ್ರೈವರನ ಹಾಗೆ. ಆ ಜಾಗದ ಸುಣ್ಣವೆಲ್ಲ ಉದುರಿಹೋಗಿತ್ತು.

ದಾಕ್ಷಾಯಣಕ್ಕ ಇವರ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಸಾಕುವುದಕ್ಕಾಗಿ ಮದುವೆ ಬೇಡವೆಂದವಳು, ಬಯಲಿನಾಚೆಯ ಊರಿನಲ್ಲಿ ಬಟ್ಟೆ ಹೊಲಿಯುತ್ತಾ ಒಬ್ಬಳೇ ಇದ್ದಳು. ಐವತ್ತು ದಾಟಿದ್ದ ಅವಳು ಫೋನಿನಲ್ಲಿ, "ಪಂಕಜಾ, ನಗಬಾರದು ನೋಡು. ನನಗೆ ಮದುವೆ" ಎಂದಳು.

ನಾನು ನಕ್ಕೆ. ಅವಳೂ ನಕ್ಕಳು. ಹುಡುಗ ಯಾರು ಎಂದರೆ, ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುವ ರಾಚಪ್ಪನಂತೆ. "ಇಡೀ ಊರಿನ ಮದುವೆಗೆ ಊದಿದ್ದಾಯ್ತು, ಈಗ ತನ್ನ ಮದುವೆಗೆ ಊದೋಕೆ ಜನ ಹುಡುಕ್ತಾ ಅಲೀತಿದಾನೆ" ಎಂದಳು. ಆಮೇಲೆ ದನಿ ಇಳಿಸಿ, "ಧಾರೆ ನೀನು, ಓಂಕಾರ ಇಬ್ಬರೇ ಎರೀಬೇಕು. ಅವನಿಗೆ ಬರೋಕೆ ಆಗಲ್ಲ ಅಂದ್ರೆ ನಾವೇ ಅಲ್ಲಿಗೆ ಬರ್ತೀವಿ, ಅವನ ಹಾಸಿಗೆ ಪಕ್ಕಾನೇ ಹಸೆಮಣೆ ಹಾಕಿದ್ರಾಯ್ತು" ಎಂದಳು.

ನಾನು ಹೋಗಿ ಹೇಳಿದಾಗ ಗೋಡೆಯ ಮೇಲಿನ ಬೆರಳು ನಿಂತಿತು.

"ಹಾಸಿಗೆ ಪಕ್ಕ ಅಕ್ಕನ ಮದುವೆಯಾ? ಮೂತ್ರದ ಬಾಟಲೀನ ಕಲಶ ಅಂದ್ಕೋಬೇಕಾ? ಬೇಡ. ನಾನೇ ಹೋಗ್ತೀನಿ. ನೀನು ಕಾರು ಬಿಡ್ತೀಯಲ್ಲ, ಕರ್ಕೊಂಡು ಹೋಗು" ಎಂದರು.

ಅದು ನನ್ನ ತವರಿನವರು ಕೊಟ್ಟ ಹಳೆಯ ಕಾರು. ಇವರು ಹಾಸಿಗೆ ಹಿಡಿದ ಮೇಲೆ ನಾನೇ ಓಡಿಸಲು ಕಲಿತಿದ್ದೆ, ಊರೊಳಗಷ್ಟೇ. ಬಯಲಿಗೆ ಚಕ್ರ ಇಳಿಸಿರಲಿಲ್ಲ. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾಲ್ಕು ಬೆರಳೂ ಹೆಚ್ಚಾಯಿತು, ಮೂರು ಬೆರಳಿಗೆ ಇಳಿಸಿಬಿಡಬೇಕು ಎಂದು ಬೆಳಿಗ್ಗೆ ಎದ್ದವಳೇ ಹಿದಾಯತನ ಅಂಗಡಿಗೆ ಹೋದೆ.

ಹಿದಾಯತ್ ಹೊಟ್ಟೆ ಬೆಳೆಸಿಕೊಂಡ ಮಾತುಗಾರ. ಸೀರೆ ಅಂಗಡಿಯವರು ಸೆರಗು ಬಿಡಿಸಿ ತೋರಿಸುವ ಹಾಗೆ ಸ್ಪ್ರಿಂಗುಗಳನ್ನು ಒಂದೊಂದಾಗಿ ಚಾಪೆಯ ಮೇಲೆ ನಿಲ್ಲಿಸಿದ. ಕೆಂಪು ಬಣ್ಣದ್ದು, ಹಳದಿ ಬಣ್ಣದ್ದು, ಎಲ್ಲವೂ ಒಂದಕ್ಕಿಂತ ಒಂದು ಗಿಡ್ಡ. ನಾನು ಒಂದರ ಮೇಲೆ ಎರಡೂ ಕೈ ಊರಿ ಅದುಮಿದೆ. ಕಲ್ಲನ್ನು ಅದುಮಿದ ಹಾಗಿತ್ತು.

"ಇದು ಅಲ್ಲಾಡೋದೇ ಇಲ್ವಲ್ಲ ಹಿದಾಯತ್?"

"ಅಕ್ಕಾ, ಗಿಡ್ಡ ಆದಷ್ಟೂ ಗಟ್ಟಿ ಇರ್ಬೇಕು. ಗಿಡ್ಡಾನೂ ಇದ್ದು ಮೆತ್ತಗೂ ಇದ್ರೆ ಒಂದು ಹಂಪು ಸಿಕ್ಕಿದ್ರೆ ಸಾಕು, ಗಾಡಿ ಹೊಟ್ಟೆ ನೆಲಕ್ಕೆ ಬಡಿಯತ್ತೆ."

"ಗಟ್ಟಿ ಇದ್ರೆ ಅವರ ಬೆನ್ನಿಗೆ ಬಡಿಯತ್ತೆ."

"ಎರಡೂ ಬೇಕು ಅಂದ್ರೆ ನಾನೇನು ಮಾಡ್ಲಿ? ನೆಲಕ್ಕೆ ಹತ್ತಿರ ಬೇಕೋ, ಕೂತೋರಿಗೆ ಸುಖ ಬೇಕೋ, ಒಂದು ಹೇಳಿ."

ನಾನು ನೆಲಕ್ಕೆ ಹತ್ತಿರದ್ದನ್ನು ಹೇಳಿದೆ. ಕೆಂಪು ಸ್ಪ್ರಿಂಗುಗಳನ್ನು ಹಾಕಿಸಿ, ಇವರನ್ನು ಮುಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂರಿಸಿ, ಬಸವನಕಟ್ಟೆಯವರೆಗೆ ಹೋಗಿ ಬಂದೆ. ಕಾರು ನೆಲ ನೆಕ್ಕುತ್ತಾ ಹೋಯಿತು. ಬೀದಿಯ ಪ್ರತಿ ಕಲ್ಲೂ ಸ್ಟೀರಿಂಗಿನಲ್ಲಿ ನನ್ನ ಮೊಣಕೈಗೆ ಬರುತ್ತಿತ್ತು. ಇವರು ಕೊರಳಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದರು. ಧೂಳಿಗೆ ಮುಚ್ಚಿಕೊಂಡಿದ್ದಾರೆ ಎಂದುಕೊಂಡೆ.

"ಹೇಗಿತ್ತು ರೀ?" ಎಂದೆ.

"ಚೆನ್ನಾಗಿತ್ತು."

ಆದರೂ ಮನಸ್ಸು ಒಪ್ಪಲಿಲ್ಲ. ಮತ್ತೆ ಹಿದಾಯತನ ಹತ್ತಿರ ಹೋದೆ. ಈ ಸಲ ಅವನು ಬೇರೊಂದು ಬಗೆ ತೆಗೆದ. ಅದರ ಮೇಲಿನ ಸುರುಳಿಗಳು ಒತ್ತೊತ್ತಾಗಿದ್ದವು, ಕೆಳಗಿನವು ಬಿಡಿಬಿಡಿಯಾಗಿದ್ದವು. "ಇದು ಸಣ್ಣ ಗುಂಡಿಗೆ ಮೆತ್ತಗೆ, ದೊಡ್ಡ ಗುಂಡಿಗೆ ಗಟ್ಟಿ. ನಿಮಗೆ ಅಂತಾನೇ ಮಾಡಿಟ್ಟ ಹಾಗಿದೆ" ಎಂದು ಎದೆ ತಟ್ಟಿ ಹೇಳಿದ. ಊರೊಳಗೆ ಅವನ ಮಾತು ನಿಜವೂ ಆಯಿತು. ಆ ಧೈರ್ಯದಲ್ಲಿ ಮಾರನೆಯ ಬೆಳಿಗ್ಗೆ, ಗಾಳಿ ಏಳದ ಹೊತ್ತಿನಲ್ಲಿ, ಇವರನ್ನು ಕೂರಿಸಿಕೊಂಡು ಬಯಲಿನ ರಸ್ತೆಗೆ ಸ್ವಲ್ಪ ದೂರ ಇಳಿಸಿದೆ. ಆ ರಸ್ತೆ ಬಟ್ಟೆ ಒಗೆಯುವ ಗೀರುಹಲಗೆಯ ಹಾಗೆ ಉದ್ದಕ್ಕೂ ಏರು, ಇಳಿವು. ಒತ್ತೊತ್ತಾದ ಸುರುಳಿಗಳೆಲ್ಲ ಮೊದಲ ಏಟಿಗೇ ಒಂದರ ಮೇಲೊಂದು ಕೂತುಬಿಟ್ಟವು. ಆಮೇಲೆ ಉಳಿದದ್ದು ಹಳೆಯ ಕಲ್ಲೇ.

ಮನೆಗೆ ಬಂದು ಇವರನ್ನು ಇಳಿಸಿಕೊಳ್ಳಲು ಬಾಗಿಲು ತೆಗೆದಾಗ ಟವೆಲಿನ ತುದಿಯಲ್ಲಿ ರಕ್ತ ಕಂಡಿತು. ಕೆಳತುಟಿಯ ಮೇಲೆ ಹಲ್ಲಿನ ಗುರುತು ಸಾಲಾಗಿ ಮೂಡಿತ್ತು.

"ಯಾಕ್ರೀ ಹೇಳ್ಲಿಲ್ಲ?" ಎಂದೆ. ನನ್ನ ದನಿ ನನಗೇ ಕಿರುಚಿದಂತೆ ಕೇಳಿತು.

"ಹೇಳಿದ್ರೆ ನೀನು ಕರ್ಕೊಂಡು ಹೋಗಲ್ಲ."

"ಮೊನ್ನೆ ಕಟ್ಟೆ ಹತ್ರ ಹೋದಾಗಲೂ ಹೀಗೇನಾ?"

ಅವರು ಟವೆಲಿನ ತುದಿಯನ್ನು ಮಡಚಿ ಒಳಗೆ ಸೇರಿಸಿದರು. ನಾನು ಕಾರಿನ ಪಕ್ಕ ಮಣ್ಣಿನಲ್ಲೇ ಕೂತುಬಿಟ್ಟೆ. ಕಾರು ಎಷ್ಟು ತಗ್ಗಿತ್ತೆಂದರೆ ಸೀಟಿನಲ್ಲಿದ್ದ ಅವರ ಮುಖ, ನೆಲದ ಮೇಲಿದ್ದ ನನ್ನ ಮುಖ ಒಂದೇ ಮಟ್ಟದಲ್ಲಿತ್ತು.

"ಪಂಕಜಾ, ನೀನು ನನ್ನ ಗಾಳಿಯಿಂದ ಕಾಯ್ತಿದೀಯ" ಎಂದರು. "ಗಾಳಿ ನನಗೇನೂ ಮಾಡಲಿಲ್ಲ. ಮೇಲೆ ಹೋಗೋವಾಗ ಹತ್ತಿ ಮೇಲೆ ಕೂತ ಹಾಗಿತ್ತು. ನಮ್ಮ ಮನೆ ಹಂಚು ಕಾಣಿಸ್ತಿತ್ತು. ಹೆದರಿಕೇನೂ ಆಗಿರಲಿಲ್ಲ, ದೇವರಾಣೆ. ನನ್ನ ಮುರಿದದ್ದು ಆಮೇಲೆ, ನೆಲಕ್ಕೆ ಬಂದಾಗ. ಆ ವ್ಯಾನಿನ ಸ್ಪ್ರಿಂಗು ಒಂದು ಕೂದಲೆಳೆ ಬಗ್ಗಿದ್ರೂ ನಾನಿವತ್ತು ನಡೀತಿದ್ದೆ."

ಎರಡು ವರ್ಷದಲ್ಲಿ ಅವರು ಆ ದಿನದ ಬಗ್ಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ನಾನು ಹಗಲೂ ರಾತ್ರಿ ಬೆರಳಿಟ್ಟು ಅಳೆದದ್ದು ನನ್ನ ಭಯವನ್ನು. ಅವರ ನೋವನ್ನು ಒಮ್ಮೆಯೂ ಕೇಳಿರಲಿಲ್ಲ.

ಮೆತ್ತನೆಯ ಸ್ಪ್ರಿಂಗು ಬೇಕೆಂದಾಗ ಹಿದಾಯತ್ ನನ್ನನ್ನೇ ನೋಡಿದ. ಅಂಥವು ಅವನ ಅಂಗಡಿಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದವು. ಹೊರಗಿನಿಂದ ಬಂದ ಕಾರುಗಳಿಂದ ಬಿಚ್ಚಿದವು. ಹಾಕಿ ನೋಡಿದರೆ ಖಾಲಿ ಕಾರು ಆರು ಬೆರಳಿನ ಸಂದು ಬಿಟ್ಟು ಮೇಲೆದ್ದು ನಿಂತಿತು. ಅಂಗಡಿಯ ಮುಂದೆ ಹೋಗುತ್ತಿದ್ದವರು ಬೆತ್ತಲೆ ಮನುಷ್ಯನನ್ನು ಕಂಡ ಹಾಗೆ ಮುಖ ತಿರುಗಿಸಿದರು. "ಡಿಕ್ಕಿಗೆ ಮರಳು ಮೂಟೆ ಹಾಕಿ ಅಕ್ಕಾ, ಇಳಿಯತ್ತೆ" ಎಂದ ಹಿದಾಯತ್. ಹಾಕಿದೆವು. ಹಿಂಭಾಗ ಇಳಿಯಿತು, ಮೂತಿ ಆಕಾಶ ನೋಡಿತು. ಗಾಳಿ ನುಗ್ಗುವುದಕ್ಕೆ ಅದಕ್ಕಿಂತ ದೊಡ್ಡ ಬಾಗಿಲು ಬೇಕೆ? ಅವನೂ ತಲೆ ಕೆರೆದುಕೊಂಡ.

ಅದನ್ನೆಲ್ಲ ಮನೆಗೆ ಬಂದು ಹೇಳಿದಾಗ ಇವರು ಬಹಳ ಹೊತ್ತು ಗೋಡೆ ತಟ್ಟಿದರು. ಆಮೇಲೆ, "ತುಂಬಿದ ಗಾಡೀನ ಗಾಳಿ ಯಾವತ್ತೂ ಮುಟ್ಟಿಲ್ಲ. ಹೋಗೋವಾಗ ಮೂಟೆ ಇರ್ತಿತ್ತು, ನಾನು ಹಾಡ್ಕೊಂಡು ಹೋಗ್ತಿದ್ದೆ. ಖಾಲಿ ಬರೋವಾಗಲೇ ಅಲ್ವಾ ಎತ್ತಿದ್ದು" ಎಂದರು.

"ಮೂಟೆ ಹಾಕಿ ನೋಡಿದ್ವಲ್ಲ ರೀ."

"ಡಿಕ್ಕಿಯಲ್ಲಲ್ಲ. ಸೀಟಿನಲ್ಲಿ. ಮುಂದೆ, ಹಿಂದೆ, ಸಮ ಆಗಬೇಕು."

"ಸೀಟಿನಲ್ಲಿ ಮೂಟೆ ಇಟ್ರೆ ಕುಲುಕಿದಾಗ ನಿಮ್ಮ ಮೇಲೇ ಬೀಳತ್ತೆ."

"ಹಾಗಾದ್ರೆ ಬೀಳದೇ ಇರೋದನ್ನ ಕೂರಿಸು" ಎಂದು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಅವರು ಹೇಳಿದ್ದು ಜನರನ್ನು. ಆ ಮಾತನ್ನು ಬಾಯಿಬಿಟ್ಟು ಹೇಳುವುದು ಅವರಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ಆಸ್ಪತ್ರೆಯಿಂದ ಬಂದ ಮೊದಮೊದಲು ಕೊಟ್ರೇಶಿ ದಿನಾ ಬರುತ್ತಿದ್ದ. ತನ್ನ ಹಿಟ್ಟು ಹೊತ್ತೇ ಗೆಳೆಯನಿಗೆ ಹೀಗಾಯಿತೆಂಬ ಸಂಕಟ ಅವನಿಗೆ. ಇವರು ಅವನ ಕಡೆಗೂ ಬೆನ್ನು ತಿರುಗಿಸಿ ಮಲಗುತ್ತಿದ್ದರು. ನಾಲ್ಕು ತಿಂಗಳಾದ ಮೇಲೆ ಅವನೂ ಬರುವುದನ್ನು ಬಿಟ್ಟ. ತಮ್ಮ ಒದ್ದಾಟವನ್ನು ಯಾರೂ ನೋಡಬಾರದು ಎಂಬುದು ಇವರ ಹಟವಾಗಿತ್ತು.

ನಾನು ಗಿರಣಿಗೆ ಹೋದೆ. ಕೊಟ್ರೇಶಿ ಹುಬ್ಬಿನ ತನಕ ಹಿಟ್ಟಾಗಿ ನಿಂತಿದ್ದ. ಆನೆಮರಿಯಂಥ ಮೈ ಅವನದು. ವಿಷಯ ಹೇಳುತ್ತಿದ್ದ ಹಾಗೆ ಗಿರಣಿಯ ಸ್ವಿಚ್ಚು ಆರಿಸಿದ.

"ಅವನೇ ಕರೆದ್ನಾ? ಅವನ ಬಾಯಲ್ಲಿ ಬಂತಾ?"

"ಬಂದ ಹಾಗೇನೇ ಕೊಟ್ರೇಶಣ್ಣ."

"ಸಾಕು" ಎಂದ.

ಪಕ್ಕದ ಮನೆಯ ಮಾಂಕಾಳಮ್ಮ ಹಪ್ಪಳ ಮಾಡುವವಳು. ಕೂತರೆ ಎಬ್ಬಿಸಲು ಇಬ್ಬರು ಬೇಕು. ಅವಳನ್ನು ಹೇಗೆ ಕೇಳುವುದೆಂದು ನಾನು ತಡವರಿಸುತ್ತಿದ್ದರೆ ಅವಳೇ, "ನನ್ನ ತೂಕಕ್ಕೂ ಒಂದು ಕಾಲ ಬಂತಲ್ಲೇ ನಮ್ಮಮ್ಮ! ಯಾವ ಬಣ್ಣದ ಸೀರೆ ಉಡ್ಲಿ?" ಎಂದಳು. ಮುಂದಿನ ಸೀಟಿಗೆ ಇನ್ನೊಬ್ಬರು ಬೇಕಿತ್ತು. ಹಿದಾಯತ್ ತನ್ನ ಹೊಟ್ಟೆಯನ್ನು ತಾನೇ ನೋಡಿಕೊಂಡು, "ಎರಡು ಸಲ ತಪ್ಪು ಸ್ಪ್ರಿಂಗು ಕೊಟ್ಟೋನು ನಾನು. ಮೂರನೇದರ ಮೇಲೆ ನಾನೇ ಕೂರ್ತೀನಿ ಬಿಡಿ" ಎಂದ.

ಮದುವೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ಹತ್ತಿದರು. ಹಿಂದಿನ ಸೀಟಿನ ನಡುವೆ ಇವರು, ಆ ಕಡೆ ಕೊಟ್ರೇಶಿ, ಈ ಕಡೆ ಮಾಂಕಾಳಮ್ಮ. ಒಬ್ಬೊಬ್ಬರು ಕೂತಂತೆಲ್ಲ ಕಾರು ನಿಟ್ಟುಸಿರು ಬಿಡುತ್ತಾ ಇಳಿಯಿತು. ಹಿದಾಯತ್ ಬಾಗಿಲು ಹಾಕಿಕೊಂಡ ಮೇಲೆ ನಾನು ಬಗ್ಗಿ ಕೈ ಹಾಕಿದೆ. ನಾಲ್ಕು ಬೆರಳು ಬಿಗಿಯಾಗಿ ಹೋದವು. ಹೆಬ್ಬೆರಳು ಹೋಗಲಿಲ್ಲ.

ಹಿಂದಿನ ಸೀಟಿನಲ್ಲಿ ಕೊಟ್ರೇಶಿ ಉಸಿರು ಬಿಗಿಹಿಡಿದು ಕೂತಿದ್ದ.

"ನೋಯತ್ತೇನೋ?" ಎಂದ ಕೊನೆಗೆ.

"ನಿನ್ನ ಹೊಟ್ಟೆ ಮೆತ್ತಗಿದೆ. ಸುಮ್ನೆ ಉಸಿರಾಡು" ಎಂದರು ಇವರು.

ಬಯಲಿಗೆ ಇಳಿದೆವು. ಇವರ ಬೆನ್ನಿಗಾಗಿ ನಡಿಗೆಯ ವೇಗದಲ್ಲೇ ಹೋಗಬೇಕಿತ್ತು, ಗಾಳಿ ಏಳುವ ಮೊದಲು ಬಯಲು ದಾಟುವಂತಿರಲಿಲ್ಲ. ಆ ಏರಿಳಿವುಗಳ ಮೇಲೆ ಕಾರು ದೋಣಿಯ ಹಾಗೆ ತೂಗುತ್ತಾ ಹೋಯಿತು. ಕಲ್ಲಿನ ಏಟು ಮೊಣಕೈಗೆ ಬರುತ್ತಿರಲಿಲ್ಲ. ಆದರೆ ಸುಖವೆಂದೇನೂ ಹೇಳಲಾರೆ. ಅಲ್ಲಲ್ಲಿ ಗುಂಡಿ ಆಳವಿದ್ದಾಗ ಅಷ್ಟು ಭಾರಕ್ಕೆ ಸ್ಪ್ರಿಂಗು ಪೂರಾ ಕುಸಿದು ತಳ ಢಬ್ಬೆನ್ನುತ್ತಿತ್ತು. ಹಾಗೊಮ್ಮೆ ಆದಾಗ ಕನ್ನಡಿಯಲ್ಲಿ ನೋಡಿದೆ. ಇವರು ಟವೆಲನ್ನು ಬಾಯಿಗೆ ಒಯ್ಯುತ್ತಿದ್ದರು. ಮಾಂಕಾಳಮ್ಮ ಅದನ್ನು ಕಸಿದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು.

"ನೋವಾದ್ರೆ ಕೂಗ್ಕೊಳ್ಳಪ್ಪಾ. ನಾನು ಐದು ಹೆತ್ತೋಳು, ನನಗೇನು ಹೊಸದಾ?"

ಮುಂದಿನ ಗುಂಡಿಗೆ ಇವರು ಕೂಗಿಕೊಂಡರು. ಎರಡು ವರ್ಷ ಗಂಟಲಲ್ಲೇ ಉಳಿದದ್ದೆಲ್ಲ ಒಟ್ಟಿಗೇ ಬಂದ ಹಾಗಿತ್ತು. ನಾನು ಬ್ರೇಕು ಹಾಕಲು ಹೋದರೆ, "ನಿಲ್ಲಿಸಬೇಡ, ನಡಿ" ಎಂದರು. ಆಮೇಲೆ ಗುಂಡಿ ಕಂಡಾಗಲೆಲ್ಲ ಹಿದಾಯತ್ ಮುಂದಿನಿಂದಲೇ, "ಬಂತು ಅಣ್ಣಾ, ಕೂಗಿ" ಎನ್ನುತ್ತಿದ್ದ.

ಅರ್ಧ ದಾರಿಯಲ್ಲಿ ಒಂದು ಹಳ್ಳಕ್ಕೆ ಹೊಸದಾಗಿ ಮೋರಿ ಕಟ್ಟಿದ್ದರು. ಮೋರಿಯ ನೆತ್ತಿ ರಸ್ತೆಗಿಂತ ಎತ್ತರ, ಎಮ್ಮೆಯ ಬೆನ್ನಿನ ಹಾಗೆ ದಿಂಡಾಗಿತ್ತು. ಮುಂದಿನ ಚಕ್ರ ಹತ್ತಿತು, ಕಾರಿನ ಹೊಟ್ಟೆ ಕಲ್ಲಿಗೆ ಕಿರ್ರೆಂದು ಉಜ್ಜಿ ನಿಂತಿತು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಇನ್ನಷ್ಟು ಎತ್ತರವಿದ್ದಿದ್ದರೆ ಸಲೀಸಾಗಿ ದಾಟುತ್ತಿತ್ತು. ಹಿದಾಯತ್ ಇಳಿದು ಬಗ್ಗಿ ನೋಡಿ, "ಭಾರ ಇಳಿಸ್ಬೇಕು. ಬೇರೆ ದಾರಿ ಇಲ್ಲ" ಎಂದ.

ನಾನು ಆಕಾಶ ನೋಡಿದೆ. ಸೂರ್ಯ ನೆತ್ತಿಗೆ ಬರುತ್ತಿದ್ದ. ಕೊಟ್ರೇಶಿ, ಮಾಂಕಾಳಮ್ಮ ಕೂಡ ಇಳಿದರು. ಕಾರು ಹಗುರಾಗಿ ಮೇಲೆದ್ದಿತು, ಕಲ್ಲು ಬಿಟ್ಟಿತು. ಇವರು ಹಿಂದೆ ಒಬ್ಬರೇ ಉಳಿದಿದ್ದರು, ಆಸರೆಯಿಲ್ಲದೆ ಎರಡು ಅಂಗೈಗಳನ್ನು ಸೀಟಿಗೆ ಊರಿಕೊಂಡು.

"ನೀವೂ ಇಳೀರಿ" ಎಂದೆ. "ಕೊಟ್ರೇಶಣ್ಣ ಹಿಡ್ಕೋತಾರೆ. ನಾನೊಬ್ಬಳೇ ದಾಟಿಸ್ತೀನಿ."

"ನೀನೊಬ್ಬಳೇ ಇದ್ರೆ ಇನ್ನೂ ಹಗುರ ಆಗತ್ತೆ."

"ಹಟ ಮಾಡಬೇಡಿ. ನಿಮ್ಮ ಬೆನ್ನು..."

"ಪಂಕಜಾ, ಒಬ್ಬರೇ ಮೇಲೆ ಹೋಗೋದು ಹೇಗಿರತ್ತೆ ಅಂತ ನನಗೆ ಗೊತ್ತು. ನಿನ್ನ ಒಬ್ಬಳನ್ನೇ ಕಳಿಸಲ್ಲ. ಗೇರು ಹಾಕು."

ಗೇರು ಹಾಕಿದೆ. ಮುಂದಿನ ಚಕ್ರ ದಿಂಡಿನಾಚೆ ಇಳಿಯಿತು. ಹಿಂದಿನ ಚಕ್ರವೂ ಹತ್ತಿ ಇಳಿಯಿತು. ಅಷ್ಟರಲ್ಲಿ ಹಳ್ಳದ ದಂಡೆಯಲ್ಲಿ ಮೇಯುತ್ತಿದ್ದ ಮೇಕೆಗಳ ಹಿಂಡು ಯಾರೋ ಹೇಳಿದ ಹಾಗೆ ಒಟ್ಟಿಗೇ ಮಲಗಿತು.

ಅಡಿಗಾಳಿಗೆ ಸದ್ದಿಲ್ಲ. ಪಾದದ ಬಳಿ ಸೀರೆಯ ನೆರಿಗೆ ಅಲುಗಿತು, ಸ್ಟೀರಿಂಗು ಕೈಯಲ್ಲಿ ಬರೀ ತಟ್ಟೆಯ ಹಾಗೆ ಸುಲಭವಾಗಿ ತಿರುಗತೊಡಗಿತು. ಚಕ್ರದ ಅಡಿ ರಸ್ತೆ ಇರಲಿಲ್ಲ. ಹಿಂದಿನಿಂದ ಇವರ ಕೈ ಬಂದು ನನ್ನ ಹೆಗಲನ್ನು ಹಿಡಿಯಿತು. ಕಿಟಕಿಯಾಚೆ ಕುಳ್ಳ ಜಾಲಿಗಿಡದ ತುದಿ ನನ್ನ ಕಣ್ಣಿನ ಮಟ್ಟಕ್ಕೆ ಬಂತು. ಹಿಂದಿನಿಂದ "ಹಿಡೀರೋ!" ಎಂದು ಮಾಂಕಾಳಮ್ಮ ಕಿರುಚಿದ್ದು ಕೇಳಿತು. ಕೊಟ್ರೇಶಿ ಓಡಿಬಂದು ಡಿಕ್ಕಿಯ ಮೇಲೆ ಮೂಟೆಯಂತೆ ಬಿದ್ದ. ಕಾರು ಹಿಂದಕ್ಕೆ ವಾಲಿತು. ಹಿದಾಯತ್ ಬಾಯಿಗೆ ಬಂದ ದೇವರನ್ನೆಲ್ಲ ಕರೆಯುತ್ತಾ ಬಾನೆಟ್ಟಿನ ಮೇಲೆ ಬೋರಲಾಗಿ ಬಿದ್ದು, ಗಾಜಿನಾಚೆಯಿಂದ ಕಣ್ಣು ಅಗಲಿಸಿ ನನ್ನನ್ನೇ ನೋಡಿದ. ಮಾಂಕಾಳಮ್ಮನಿಗೆ ಹಾರಲಾಗಲಿಲ್ಲ. ಎರಡೂ ಕೈಯಿಂದ ಬಾಗಿಲಿನ ಚೌಕಟ್ಟು ಹಿಡಿದು ಜೋತುಬಿದ್ದಳು. ಒಂದು ಗಳಿಗೆ ಕಾರು ಹೋಗಲೋ ಇರಲೋ ಎಂದು ಅಲ್ಲಿಯೇ ತೂಗಿತು.

ಆಮೇಲೆ ಗಾಳಿ ಕೈಬಿಟ್ಟಿತು.

ನಾನು ಕಣ್ಣು ಮುಚ್ಚಿಕೊಂಡು ಆ ಏಟಿಗಾಗಿ ಕಾದೆ. ಚಕ್ರ ನೆಲ ಮುಟ್ಟಿತು, ಕಾರು ಕುಸಿಯಿತು, ಮತ್ತೆ ಎದ್ದಿತು, ಮತ್ತೆ ಕುಸಿಯಿತು. ತೊಟ್ಟಿಲು ನಿಲ್ಲುವ ಹಾಗೆ ನಿಧಾನವಾಗಿ ನಿಂತಿತು. ಹೆಗಲ ಮೇಲಿನ ಕೈ ಹಾಗೇ ಇತ್ತು. ಹಿಂತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

"ಇಳಿದ್ವಾ?" ಎಂದು ಇವರು ಕೇಳಿದರು.

"ಇಳಿದ್ವಿ ರೀ."

"ಇಷ್ಟೇನಾ?"

ಕನ್ನಡಿಯಲ್ಲಿ ನೋಡಿದರೆ ಅವರ ಕಣ್ಣಿಂದ ನೀರು ಸುರಿಯುತ್ತಿತ್ತು. ನೋವಿಗೋ ಬೇರೆಯದಕ್ಕೋ ನಾನು ಕೇಳಲಿಲ್ಲ. ಮೂವರೂ ದಡಬಡ ಒಳಗೆ ತೂರಿಕೊಂಡರು. ಕಾರು ಇಳಿದು ನೆಲಕ್ಕೆ ಹತ್ತಿರವಾಯಿತು. ಮಾಂಕಾಳಮ್ಮನ ಒಂದು ಚಪ್ಪಲಿ ಗಾಳಿಯ ಪಾಲಾಗಿತ್ತು. ಕೊಟ್ರೇಶಿ ಇವರ ಪಕ್ಕ ಕೂತವನು, "ಆವತ್ತು ನಾನಿದ್ದಿದ್ರೆ..." ಎಂದು ಏನೋ ಹೇಳಲು ಹೋದ.

"ಈವತ್ತು ಇದ್ಯಲ್ಲ" ಎಂದರು ಇವರು.

ಆಚೆಯ ಊರಿನಲ್ಲಿ ಅಡಿಗಾಳಿ ಇಲ್ಲ. ಅಲ್ಲಿ ಕುರ್ಚಿಗೆ ಉದ್ದುದ್ದ ಕಾಲುಗಳು, ಮದುವೆ ಮಂಟಪ ಸೊಂಟದೆತ್ತರ. ಮಾಂಕಾಳಮ್ಮ ಕುರ್ಚಿಯ ಮೇಲೆ ಕೂರಲು ಹೆದರಿ ಕಂಬದ ಬುಡದಲ್ಲಿ ನೆಲಕ್ಕೇ ಕೂತಳು. ಮುಹೂರ್ತ ಮೀರುತ್ತಿದೆಯೆಂದು ಪುರೋಹಿತರು ಗೊಣಗುತ್ತಿದ್ದರಂತೆ. ತಮ್ಮ ಬರುವವರೆಗೂ ಮುಹೂರ್ತವೂ ಇಲ್ಲ, ಏನೂ ಇಲ್ಲ ಎಂದು ದಾಕ್ಷಾಯಣಕ್ಕ ಬಾಸಿಂಗ ಕಟ್ಟಿಕೊಂಡೇ ಬಾಗಿಲಲ್ಲಿ ನಿಂತಿದ್ದಳು. ನಮ್ಮ ಕಾರು ಕಂಡ ಕೂಡಲೇ ರಾಚಪ್ಪ ಬ್ಯಾಂಡಿನವರ ಕೈಯಿಂದ ಕ್ಲಾರಿಯೊನೆಟ್ ಕಿತ್ತುಕೊಂಡು, ಮದುಮಗನ ಪೇಟ ಜಾರುತ್ತಿದ್ದರೂ ಲೆಕ್ಕಿಸದೆ ತಾನೇ ಊದತೊಡಗಿದ.

ಇವರನ್ನು ಮಂಟಪಕ್ಕೆ ಹತ್ತಿಸಲು ಬಹಳ ಹೊತ್ತು ಹಿಡಿಯಿತು. ಒಂದೊಂದು ಮೆಟ್ಟಿಲಿಗೂ ನಿಂತರು, ನಿಂತಲ್ಲೆಲ್ಲ ಗಟ್ಟಿಯಾಗಿ ನರಳಿದರು. ಜನ ನೋಡುತ್ತಿದ್ದರು. ಇವರು ಯಾರ ಕಡೆಗೂ ಬೆನ್ನು ತಿರುಗಿಸಲಿಲ್ಲ. ಮೇಲೆ ಬಂದ ಮೇಲೆ ಕೋಲು ನನ್ನ ಕೈಗೆ ಕೊಟ್ಟರು. ಕೊಟ್ರೇಶಿ ಹಿಂದಿನಿಂದ ಸೊಂಟದ ಪಟ್ಟಿ ಹಿಡಿದುಕೊಂಡ.

ರಾಚಪ್ಪನ ಅಂಗೈ ಮೇಲೆ ಅಕ್ಕನ ಅಂಗೈ ಇಟ್ಟು, ಅದರ ಮೇಲೆ ತೆಂಗಿನಕಾಯಿ ಇಟ್ಟರು. ನಾನು ಗಿಂಡಿ ಎತ್ತಿದೆ, ಇವರು ನನ್ನ ಕೈ ಮೇಲೆ ತಮ್ಮ ಕೈ ಇಟ್ಟರು. ಕೈ ಎಷ್ಟು ನಡುಗುತ್ತಿತ್ತೆಂದರೆ ಗಿಂಡಿಯ ಮೂತಿ ತೆಂಗಿನಕಾಯಿಗೆ ಟಕಟಕ ಬಡಿಯುತ್ತಿತ್ತು. ಅಕ್ಕ ತಲೆಯೆತ್ತಿ ತಮ್ಮನ ಮುಖವನ್ನೇ ನೋಡಿದಳು.

"ನೋಯ್ತಿದೆಯೇನೋ?" ಎಂದು ಮೆಲ್ಲಗೆ ಕೇಳಿದಳು.

"ಹೂಂ ಅಕ್ಕಾ, ತುಂಬಾ ನೋಯ್ತಿದೆ" ಎಂದರು ಇವರು. "ನೀನು ಕೈ ಅಲ್ಲಾಡಿಸಬೇಡ."

ನೀರು ಎರೆದೆವು.